ತಿಂಗಳಿಗೆ ಒಂದು ಶನಿವಾರವಾದರೂ ಬಾಗಿಲು ತೆಗೆಯಿರಿ: ದಿವ್ಯಾಂಗ ಕಲ್ಯಾಣ ಇಲಾಖೆಗೆ ಒಂದು ಬಹಿರಂಗ ಪತ್ರ

ಮಹಾರಾಷ್ಟ್ರ ಸರ್ಕಾರದ ದಿವ್ಯಾಂಗ ಕಲ್ಯಾಣ ಇಲಾಖೆ ಮತ್ತು ಸಾಮಾಜಿಕ ನ್ಯಾಯ ಇಲಾಖೆಯ ಅಧಿಕಾರಿಗಳಿಗೆ, ಹಾಗೇ ಮುಂಬೈಯಲ್ಲಿರುವ ನಮ್ಮ ಕನ್ನಡದ ಜನರಿಗೆ,

ನಮಸ್ಕಾರ.

ಈ ಪತ್ರದ ಮರಾಠಿ ಪ್ರತಿ ಮಂತ್ರಾಲಯಕ್ಕೆ, ಅಂದರೆ ಮುಂಬೈಯ ಸಚಿವಾಲಯಕ್ಕೆ, ಬೇರೆಯಾಗಿ ಹೋಗುತ್ತಿದೆ. ಕನ್ನಡದಲ್ಲೂ ಯಾಕೆ ಅಂದರೆ, ಘಾಟ್ಕೋಪರ್, ಧಾರಾವಿ, ಜೋಗೇಶ್ವರಿ, ಡೊಂಬಿವಲಿ ಕಡೆ ವಿಜಯಪುರದಿಂದ, ಕಲಬುರಗಿಯಿಂದ ಬಂದು ನೆಲೆಸಿದ ಎಷ್ಟೋ ಮನೆಗಳಲ್ಲಿ ನನ್ನ ತಮ್ಮನಂಥವರು ಇದ್ದಾರೆ, ಅವರನ್ನು ನೋಡಿಕೊಳ್ಳುವ ನನ್ನಂಥವರೂ ಇದ್ದಾರೆ. ಯಾವ ಯೋಜನೆಗೆ ಯಾವ ಕಿಟಕಿಗೆ ಹೋಗಬೇಕು ಅಂತ ನಮ್ಮ ಭಾಷೆಯಲ್ಲಿ ಹೇಳುವವರು ಮಾತ್ರ ಕಡಿಮೆ.

ಮೊದಲು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಿಮ್ಮ ಎಲ್ಲ ಯೋಜನೆಗಳನ್ನೂ ಒಂದು ಮನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದ ಹಾಗೆ ಕಾಣುತ್ತದೆ. ಆ ಮನೆಯಲ್ಲಿ ಅಂಗವಿಕಲರು ಒಬ್ಬರು ಇರುತ್ತಾರೆ. ಅವರ ಪಕ್ಕದಲ್ಲೇ ಬೆಳಗ್ಗೆಯಿಂದ ಸಂಜೆವರೆಗೆ ಬೇರೆ ಏನೂ ಕೆಲಸ ಇಲ್ಲದ ಇನ್ನೊಬ್ಬರು ಇರುತ್ತಾರೆ. ಆಸ್ಪತ್ರೆಯಲ್ಲಿ ಟೋಕನ್ ತಗೊಳ್ಳುವುದು, ಸೇತು ಕೇಂದ್ರದಲ್ಲಿ ಫಾರ್ಮ್ ತುಂಬುವುದು, ತಹಸೀಲ್ದಾರ್ ಕಚೇರಿಯಲ್ಲಿ ಸಾಹೇಬರು ಊಟ ಮುಗಿಸಿ ಬರುವವರೆಗೆ ಬೆಂಚಿನ ಮೇಲೆ ಕೂರುವುದು, ಇದೆಲ್ಲ ಅವರ ಕೆಲಸ. ಅಂಥವರು ನಮ್ಮ ಮನೆಯಲ್ಲಿ ಇಲ್ಲ. ಮುಂಬೈಯಲ್ಲಿ ಯಾರ ಮನೆಯಲ್ಲಿ ಇದ್ದಾರೆ ಹೇಳಿ?

ನಮ್ಮ ಮನೆಯಲ್ಲಿ ಇರುವವರು ಇಷ್ಟು. ಅಸಲ್ಫಾದ ಚಾಳಿನಲ್ಲಿ ಒಂದು ಕೋಣೆ, ಅಡುಗೆಗೆ ಒಂದು ಮೂಲೆ. ನಾನು ಮರೋಳದ ಒಂದು ಕೊರಿಯರ್ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತೇನೆ. ಯಜಮಾನರು ಮಾಟುಂಗಾದ ಹೋಟೆಲಿನಲ್ಲಿ ಕ್ಯಾಷಿಯರ್. ಮೊದಲ ಕಾಫಿಗೆ ಗಿರಾಕಿ ಬರುವ ಮುಂಚೆ ಅವರು ಅಲ್ಲಿರಬೇಕು. ಮಗಳು ಏಳನೇ ಕ್ಲಾಸು. ಅವ್ವನಿಗೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಮತ್ತೆ ನನ್ನ ತಮ್ಮ. ವಯಸ್ಸು 27, ಬೌದ್ಧಿಕ ಅಂಗವೈಕಲ್ಯ, ಜೊತೆಗೆ ಫಿಟ್ಸ್. ಅಪ್ಪ ಇಂಡಿ ತಾಲ್ಲೂಕಿನಿಂದ ಗಾರೆ ಕೆಲಸಕ್ಕೆ ಬಂದವರು, ಇಲ್ಲೇ ದುಡಿದು ಇಲ್ಲೇ ತೀರಿಕೊಂಡರು. ಅಲ್ಲಿಂದ ಅವ್ವ, ತಮ್ಮ ಇಬ್ಬರೂ ನನ್ನ ಜೊತೆ. ಇದರಲ್ಲಿ ನಾನೇನೋ ದೊಡ್ಡ ತ್ಯಾಗ ಮಾಡಿದ್ದೇನೆ ಅಂತ ಯಾರೂ ಅಂದುಕೊಳ್ಳಬೇಡಿ. ಅವನು ನನ್ನ ತಮ್ಮ, ಅಷ್ಟೇ.

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲದಕ್ಕೂ ಅದೇ ಕೀಲಿ. 2021ರ ಜೂನ್‌ನಿಂದ ಸರ್ಟಿಫಿಕೇಟ್ ಸ್ವಾವಲಂಬನ್ ಪೋರ್ಟಲ್ ಮೂಲಕವೇ ಆಗಬೇಕು. ಒಳ್ಳೆಯದೇ. ಅರ್ಜಿ ರಾತ್ರಿ ಮನೆಯಲ್ಲೇ ಕೂತು ಹಾಕಬಹುದು. ಆದರೆ ತಪಾಸಣೆಗೆ ಆಸ್ಪತ್ರೆಗೆ ಹೋಗಲೇಬೇಕು. ವೈದ್ಯರ ಬೋರ್ಡ್ ಕೂರುವುದು ವಾರದ ನಡುವಿನ ದಿನ, ಟೋಕನ್ ಬೆಳಗ್ಗೆ ಬೇಗ ಖಾಲಿ. ಬುದ್ಧಿ ಪರೀಕ್ಷೆಗೆ ಒಂದು ದಿನ, ಮನೋವೈದ್ಯರಿಗೆ ಇನ್ನೊಂದು ದಿನ, ಸಹಿಗೆ ಮತ್ತೊಂದು ದಿನ. ನನ್ನ ತಮ್ಮನಿಗೆ ಜನಜಂಗುಳಿಯಲ್ಲಿ ಜಾಸ್ತಿ ಹೊತ್ತು ಕೂರಲು ಆಗುವುದಿಲ್ಲ. ಎದ್ದು ಓಡುತ್ತಾನೆ. ಒಬ್ಬರು ಅವನನ್ನು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಸಾಲಿನಲ್ಲಿ ನಿಲ್ಲಬೇಕು. ಅಂದರೆ ಎರಡು ಜನರ ಪಗಾರ ಕಟ್.

ಆ ಪರೀಕ್ಷೆಯ ಕಥೆಯನ್ನೂ ಹೇಳಬೇಕು. ಅದರಲ್ಲಿ ಮನೆಯವರನ್ನು ಪ್ರಶ್ನೆ ಕೇಳುತ್ತಾರೆ: ತಾನೇ ಊಟ ಮಾಡುತ್ತಾನಾ, ಗುಂಡಿ ಹಾಕಿಕೊಳ್ಳುತ್ತಾನಾ, ಅಂಗಡಿಗೆ ಒಬ್ಬನೇ ಹೋಗಿಬರುತ್ತಾನಾ. ಮ್ಯಾಡಮ್ ಮರಾಠಿಯಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಅವ್ವನಿಗೆ ಹೇಳಿದೆ. ಅವ್ವ ಸೆರಗು ಸರಿ ಮಾಡಿಕೊಂಡು, "ಎಲ್ಲಾ ಮಾಡ್ತಾನ್ರಿ ನನ್ನ ಮಗಾ, ಭಾಳ ಶಾಣ್ಯಾ ಅದಾನ" ಅಂದಳು! ಮಗನನ್ನು ಹೊರಗಿನವರ ಮುಂದೆ ಕೈಲಾಗದವನು ಅಂತ ಯಾವ ತಾಯಿ ಹೇಳುತ್ತಾಳೆ? ಪುಣ್ಯಕ್ಕೆ ಆ ಮ್ಯಾಡಮ್ ನಕ್ಕು, ಮತ್ತೆ ನಿಧಾನವಾಗಿ, ಒಂದೊಂದನ್ನೇ ಬಿಡಿಸಿ ಕೇಳಿದರು. ಎಲ್ಲರೂ ಹಾಗೆ ಕೇಳುತ್ತಾರೆ ಅಂತ ಏನೂ ಇಲ್ಲ. ಕನ್ನಡ, ತೆಲುಗು, ಭೋಜಪುರಿ ಮಾತಾಡುವ ತಾಯಂದಿರು ತುಂಬಿರುವ ಊರಿದು. ಅವರಿಗೆ ಭಾಷೆ ಗೊತ್ತಿರುವ ಒಬ್ಬರು ಆ ಕೋಣೆಯಲ್ಲಿ ಬೇಕು.

ಕಾರ್ಡು ಬಂತು. ಶೇ. 75. ಇಲ್ಲಿಂದ ಇನ್ನೊಂದು ಲೆಕ್ಕ ಶುರು.

ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಬೌದ್ಧಿಕ ಅಂಗವೈಕಲ್ಯಕ್ಕೆ ಇದ್ದದ್ದು ಕೆಲವೇ ಮೆಟ್ಟಿಲು. ಸೌಮ್ಯ ಅಂದರೆ 50, ಮಧ್ಯಮ ಅಂದರೆ 75, ತೀವ್ರ ಅಂದರೆ 90, ಅತಿ ತೀವ್ರ ಅಂದರೆ 100. ನಡುವೆ ಏನೂ ಇರಲಿಲ್ಲ. ನನ್ನ ತಮ್ಮನ ಸರ್ಟಿಫಿಕೇಟ್ ಆದದ್ದು ಇದರ ಪ್ರಕಾರ. ಆದರೆ ದೊಡ್ಡ ಸೌಲಭ್ಯಗಳ ಗೆರೆ ಇರುವುದು ಶೇ. 80ಕ್ಕೆ. ಕೇಂದ್ರದ ಇಂದಿರಾ ಗಾಂಧಿ ಹೆಸರಿನ ಅಂಗವಿಕಲ ಪಿಂಚಣಿಗೆ ಶೇ. 80 ಬೇಕು. ಯುಡಿಐಡಿಯಲ್ಲಿ ನೀಲಿ ಬಣ್ಣದ ಕಾರ್ಡಿಗೆ ಶೇ. 80 ಬೇಕು, ತಮ್ಮನಂತೆ ಅದಕ್ಕಿಂತ ಕಡಿಮೆ ಇದ್ದರೆ ಹಳದಿ. ಮುಂಬೈ ಮಹಾನಗರ ಪಾಲಿಕೆ 2024ರಲ್ಲಿ ಧರ್ಮವೀರ ಆನಂದ ದಿಘೆ ಹೆಸರಿನಲ್ಲಿ ಶುರು ಮಾಡಿದ ಯೋಜನೆಯಲ್ಲೂ ಹಳದಿ ಕಾರ್ಡಿಗೆ ತಿಂಗಳ ಲೆಕ್ಕದಲ್ಲಿ 1,000 ರೂಪಾಯಿ, ನೀಲಿ ಕಾರ್ಡಿಗೆ 3,000. ಅಂದರೆ ಆ ಮಾರ್ಗಸೂಚಿಯಲ್ಲಿ ಮಧ್ಯಮ ಅಂತ ಬರೆಸಿಕೊಂಡ ಒಬ್ಬರೂ, ಒಬ್ಬರೇ ಒಬ್ಬರೂ, ಆ ಗೆರೆ ದಾಟುವ ಹಾಗಿಲ್ಲ. 76 ಸಿಗುವುದಿಲ್ಲ, 79 ಸಿಗುವುದಿಲ್ಲ. ಮೆಟ್ಟಿಲನ್ನು 75ಕ್ಕೆ ಕಟ್ಟಿ ಬಾಗಿಲನ್ನು 80ಕ್ಕೆ ಇಟ್ಟವರು ಯಾರು? ಇಬ್ಬರೂ ಒಂದು ಸಲ ಕೂತು ಮಾತಾಡಿದ್ದರೆ ಸಾಕಿತ್ತು.

ಈ 75ರ ಹುಡುಗ ಏನು ಮಾಡುತ್ತಾನೆ ಗೊತ್ತಾ? ನೀರು ಹದ ಮಾಡಿ ಕೊಟ್ಟರೆ ತಾನೇ ಸ್ನಾನ ಮಾಡುತ್ತಾನೆ. ಹದ ಮಾಡಿ ಕೊಡದಿದ್ದರೆ ಕುದಿಯುವ ನೀರನ್ನೂ ಮೈಮೇಲೆ ಸುರಿದುಕೊಳ್ಳುತ್ತಾನೆ. ಯಾರು ಕರೆದರೂ ಹಿಂದೆ ಹೋಗುತ್ತಾನೆ. ನೂರರ ನೋಟಿಗೂ ಹತ್ತರ ನೋಟಿಗೂ ವ್ಯತ್ಯಾಸ ಗೊತ್ತಿಲ್ಲ. ಫಿಟ್ಸ್ ಯಾವಾಗ ಬರುತ್ತದೋ ಹೇಳಲು ಆಗುವುದಿಲ್ಲ. ಹೊತ್ತುಹೊತ್ತಿಗೂ ಪಕ್ಕದಲ್ಲಿ ಒಬ್ಬರು ಇರಬೇಕು. ಅವನ ಶೇ. 75 ಅಂದರೆ ನಮ್ಮ ಮನೆಯಲ್ಲಿ ಒಬ್ಬರ ನೂರಕ್ಕೆ ನೂರು.

ಇನ್ನು ಸಂಜಯ್ ಗಾಂಧಿ ನಿರಾಧಾರ ಅನುದಾನ, ಅಂದರೆ ರಾಜ್ಯ ಸರ್ಕಾರ ತಿಂಗಳು ತಿಂಗಳು ಕೊಡುವ ಸಹಾಯಧನ. 2025ರಲ್ಲಿ ಅಂಗವಿಕಲರಿಗೆ 1,500ರಿಂದ 2,500 ಮಾಡಿದಿರಿ. ನಿಜವಾಗಲೂ ಒಳ್ಳೆಯ ಕೆಲಸ, ಹೊಗಳಲೇಬೇಕು. ಆದರೆ ಆದಾಯದ ಮಿತಿ? ಅಂಗವಿಕಲರಿಗೆ ಕುಟುಂಬದ ವರ್ಷದ ಆದಾಯ 50,000 ರೂಪಾಯಿ ದಾಟಬಾರದು, ಉಳಿದವರಿಗೆ 21,000. ತಿಂಗಳಿಗೆ ಹಾಕಿ ನೋಡಿ, ನಾಲ್ಕು ಸಾವಿರದ ಚಿಲ್ಲರೆ. ಮುಂಬೈಯಲ್ಲಿ ಎರಡು ಮನೆ ಪಾತ್ರೆ ತಿಕ್ಕುವವರೂ ಅದಕ್ಕಿಂತ ಜಾಸ್ತಿ ದುಡಿಯುತ್ತಾರೆ. ಪ್ರಾಮಾಣಿಕವಾಗಿ ಆ ಮಿತಿಯೊಳಗೆ ಬರುವ ಕುಟುಂಬ ಈ ಊರಿನಲ್ಲಿ ಬಾಡಿಗೆ ಕಟ್ಟಿ ಉಳಿಯಲು ಸಾಧ್ಯವೇ ಇಲ್ಲ. ಹಾಗಾಗಿ ಏನಾಗುತ್ತದೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ದಲ್ಲಾಳಿಗಳು ಕಚೇರಿಯ ಹೊರಗೆ ಸುಮ್ನೆ ನಿಂತಿರುವುದಿಲ್ಲ, ಅಲ್ವಾ?

ಹೆಂಗಸರಿಗೆ ತಿಂಗಳು ತಿಂಗಳು ಹಣ ಕೊಡುವ ಲಾಡಕಿ ಬಹೀಣ್ ಯೋಜನೆ 2024ರಲ್ಲಿ ಬಂದಾಗ ಆದಾಯದ ಮಿತಿ ಎರಡೂವರೆ ಲಕ್ಷ ಅಂತ ಇಟ್ಟಿರಿ. ಅದೇ ರಾಜ್ಯ, ಅದೇ ಖಜಾನೆ. ಅಕ್ಕತಂಗಿಯರಿಗೆ ಎರಡೂವರೆ ಲಕ್ಷ, ಅಂಗವಿಕಲರಿಗೆ ಐವತ್ತು ಸಾವಿರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಮು ಏನು ಹೇಳುತ್ತದೆ ಅಂದರೆ, ಬೇರೆಯವರಿಗೆ ಕೊಡುವ ಅಂಥದೇ ಯೋಜನೆಗಿಂತ ಅಂಗವಿಕಲರಿಗೆ ಕೊಡುವ ಮೊತ್ತ ಕನಿಷ್ಠ ಶೇ. 25 ಜಾಸ್ತಿ ಇರಬೇಕು. ಮೊತ್ತವನ್ನು ಈಗ ಏರಿಸಿದ್ದೀರಿ. ಆದರೆ ಒಳಗೆ ಹೋಗುವ ಬಾಗಿಲೇ ಐದು ಪಟ್ಟು ಕಿರಿದಾಗಿದ್ದರೆ ಏರಿಸಿದ ಮೊತ್ತ ಯಾರ ಕೈಗೆ ಸಿಗುತ್ತದೆ?

ಮಿತಿಯನ್ನು ಎರಡೂವರೆ ಲಕ್ಷಕ್ಕೆ ಏರಿಸಿದರೂ ನಮಗೆ ಸಿಗುವುದಿಲ್ಲ, ಗೊತ್ತಿದೆ. ನಮ್ಮಿಬ್ಬರ ಸಂಬಳ ಸೇರಿದರೆ ಅದನ್ನೂ ದಾಟುತ್ತದೆ. ಆದರೂ ಕೇಳುತ್ತೇನೆ, ಯಾಕೆಂದರೆ ನಮ್ಮ ಚಾಳಿನಲ್ಲೇ ಕೆಳಗಿನ ಮನೆಯವರಿಗೆ ಸಿಗುತ್ತದೆ. ನಮ್ಮ ವಿಷಯದಲ್ಲಿ ನನ್ನ ತಕರಾರು ಬೇರೆ. ತಮ್ಮನ ಹೆಸರು ನಮ್ಮ ರೇಷನ್ ಕಾರ್ಡಿನಲ್ಲಿದೆ, ಹಾಗಾಗಿ ನನ್ನ ಸಂಬಳ, ನನ್ನ ಗಂಡನ ಸಂಬಳ ಎರಡೂ ಅವನ ಆದಾಯ ಅಂತ ಕಿಟಕಿಯಲ್ಲಿ ಲೆಕ್ಕ ಹಾಕಿದರು. ಅವನ ಕೈಯಲ್ಲಿ ಒಂದು ಪೈಸೆ ಇಲ್ಲ, ಆಸ್ತಿ ಇಲ್ಲ. ಮದುವೆಯಾಗಿ ಬೇರೆ ಸಂಸಾರ ಹೂಡಿದ ಅಕ್ಕ ಕರೆದುಕೊಂಡು ಬಂದು ಅನ್ನ ಹಾಕಿದ್ದಕ್ಕೆ ಅವನು ಶ್ರೀಮಂತ ಆದ. ಕರೆದುಕೊಂಡು ಬರದೇ ಇದ್ದಿದ್ದರೆ ಅವನು ನಿರಾಧಾರ, ಆಗ ಹಣ ಸಿಗುತ್ತಿತ್ತು! ಅಲ್ಲಿದ್ದ ಗುಮಾಸ್ತರು ಕೆಟ್ಟವರೇನಲ್ಲ. ಅವರೇ ದನಿ ತಗ್ಗಿಸಿ ಹೇಳಿದರು, "ಮ್ಯಾಡಮ್, ನೀವು ನೌಕರಿ ಬಿಟ್ಟು, ಅವನ ಮತ್ತು ಅಮ್ಮನ ಹೆಸರಿನಲ್ಲಿ ಬೇರೆ ರೇಷನ್ ಕಾರ್ಡ್ ಮಾಡಿಸಿ, ಆಮೇಲೆ ಬನ್ನಿ." 2,500 ರೂಪಾಯಿ ಪಡೆಯಲು ಇಡೀ ಸಂಬಳ ಬಿಡಬೇಕು ಅಂತಾಯಿತು. ಅವರನ್ನು ಬೈದು ಪ್ರಯೋಜನ ಇಲ್ಲ, ನಿಯಮ ಹಾಗಿದೆ. ವಯಸ್ಸಿಗೆ ಬಂದ ಅಂಗವಿಕಲರ ಆದಾಯವನ್ನು ಅವರದ್ದೇ ಆದಾಯ ನೋಡಿ ಲೆಕ್ಕ ಹಾಕಿ. ಸಾಕುವವರ ಸಂಬಳವನ್ನು ಅದರೊಳಗೆ ತುರುಕಬೇಡಿ.

ತೆರಿಗೆಯಲ್ಲಿ ವಿನಾಯಿತಿ ಇದೆಯಲ್ಲ ಅಂತ ಆಫೀಸಿನಲ್ಲಿ ಯಾರೋ ಒಬ್ಬರು ಪ್ರತಿ ಸಲ ಹೇಳುತ್ತಾರೆ. ನಮ್ಮ ಸಂಬಳಕ್ಕೆ ತೆರಿಗೆಯೇ ಬರುವುದಿಲ್ಲ ಸ್ವಾಮಿ, ವಿನಾಯಿತಿ ತಗೊಂಡು ಏನು ಮಾಡಲಿ.

ಇನ್ನು ಕಾಗದಗಳು. ಸಂಜಯ್ ಗಾಂಧಿ ಯೋಜನೆಗೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸ ಇದ್ದದ್ದಕ್ಕೆ ಪುರಾವೆ ಬೇಕು. ಚಾಳಿನಲ್ಲಿ ಬಾಡಿಗೆಗೆ ಇದ್ದವರ ಲೈಟ್ ಬಿಲ್ಲು ಮಾಲೀಕರ ಹೆಸರಿನಲ್ಲಿ. ನನ್ನ ಹತ್ತಿರ ಇದ್ದ ಗಟ್ಟಿ ಪುರಾವೆ ಅಂದರೆ ಮಹಾನಗರ ಪಾಲಿಕೆಯ ಕನ್ನಡ ಶಾಲೆಯ ದಾಖಲೆ. ಇದೇ ಪಾಲಿಕೆ, ಇದೇ ಊರು ಕೊಟ್ಟ ಕಾಗದ. ಕನ್ನಡದಲ್ಲಿ ಬರೆದದ್ದು ಅಂತ ಭಾಷಾಂತರ ಮಾಡಿಸಿ, ನೋಟರಿ ಹಾಕಿಸಿ ತನ್ನಿ ಅಂದರು. ಮುಂಬೈಯಲ್ಲಿ ಪಾಲಿಕೆಯವರೇ ಕನ್ನಡ ಶಾಲೆ ನಡೆಸುತ್ತಾರೆ ಅನ್ನುವುದು ಆ ಕಿಟಕಿಯವರಿಗೆ ಗೊತ್ತೇ ಇರಲಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ: ಸಮಯ. 2020ರ ಫೆಬ್ರವರಿ 29ರಿಂದ ಮಹಾರಾಷ್ಟ್ರ ಸರ್ಕಾರದ ಕಚೇರಿಗಳಿಗೆ ವಾರಕ್ಕೆ ಐದೇ ದಿನ. ಬೆಳಗ್ಗೆ 9.45ರಿಂದ ಸಂಜೆ 6.15. ನಿಮಗೆ ಎರಡು ದಿನ ರಜೆ ಸಿಕ್ಕಿತು, ಸಂತೋಷ. ನನಗೆ ವಾರದ ರಜೆ ಭಾನುವಾರ ಮಾತ್ರ, ಶನಿವಾರ ಅರ್ಧ ದಿನ. ನೀವು ತೆರೆದಿರುವ ಹೊತ್ತಿನಲ್ಲಿ ನಾನು ಕೆಲಸದಲ್ಲಿ ಇರುತ್ತೇನೆ, ನಾನು ಬಿಡುವಾಗಿರುವ ಹೊತ್ತಿನಲ್ಲಿ ನಿಮ್ಮ ಬಾಗಿಲಿಗೆ ಬೀಗ. ಮೊದಲು ಶನಿವಾರ ಒಂದು ದಾರಿ ಇತ್ತು, ಅದೂ ಹೋಯಿತು. ಕಚೇರಿಗೆ ಬರಬೇಕಾದರೆ ರಜೆ ಹಾಕಬೇಕು. ನನ್ನಂಥ ಆಫೀಸಿನಲ್ಲಿ ಸಿಎಲ್ ಮುಗಿದ ಮೇಲೆ ಪ್ರತಿ ರಜೆಗೂ ಪಗಾರ ಕಟ್. "ಮತ್ತೆ ತಮ್ಮನ ಕೆಲಸಾನಾ?" ಅಂತ ಮೇಲಿನವರು ಕೇಳುವಾಗ ಅವರ ಮುಖ ನೋಡಬೇಕು ನೀವು. ಕೆಲಸ ಹೋದರೆ ಅದಕ್ಕೆ ಯಾವ ಯೋಜನೆಯೂ ಇಲ್ಲ.

ಹಾಗಾಗಿ ನನ್ನ ಮೊದಲ ಬೇಡಿಕೆ ಹಣದ್ದಲ್ಲ. ತಿಂಗಳಿಗೆ ಒಂದು ಶನಿವಾರ, ಒಂದೇ ಒಂದು, ಅಂಗವಿಕಲರ ಕೆಲಸಕ್ಕೆ ಅಂತಲೇ ಕಚೇರಿ ತೆಗೆಯಿರಿ. ಆಸ್ಪತ್ರೆಯ ಬೋರ್ಡ್ ಕೂಡ ಅವತ್ತೇ ಕೂರಲಿ, ಬುದ್ಧಿ ಪರೀಕ್ಷೆಯಿಂದ ಸಹಿವರೆಗೆ ಒಂದೇ ದಿನದಲ್ಲಿ ಮುಗಿಯಲಿ. ಸಿಬ್ಬಂದಿಗೆ ಬದಲಿ ರಜೆ ಕೊಡಿ, ಯಾರಿಗೂ ಅನ್ಯಾಯ ಆಗುವುದು ಬೇಡ. ಮಹಾರಾಷ್ಟ್ರದಲ್ಲಿ ಅಂಗವಿಕಲರಿಗೆ ಅಂತಲೇ 2022ರ ಡಿಸೆಂಬರ್‌ನಲ್ಲಿ ಬೇರೆ ಇಲಾಖೆ ಮಾಡಿದಿರಿ. ಆಮೇಲೆ ಇಲಾಖೆಯೇ ಮನೆ ಬಾಗಿಲಿಗೆ ಬರುತ್ತದೆ ಅಂತ ಅಭಿಯಾನವನ್ನೂ ಮಾಡಿದಿರಿ. ಮನೆ ಬಾಗಿಲಿಗೆ ಬರುವುದು ಬೇಡ ಸರ್. ನಾವೇ ಬರುತ್ತೇವೆ, ನೀವು ಬಾಗಿಲು ತೆಗೆದಿಡಿ.

ಪ್ರತಿ ವರ್ಷದ ಹಯಾತಿ ದಾಖಲೆಯ ಮಾತೂ ಇದೇ. ಅನುದಾನ ಸಿಗುವವರು ಬದುಕಿದ್ದಾರೆ ಅಂತ ತೋರಿಸಲು ಅವರನ್ನು ಎಳೆದುಕೊಂಡು ಬರಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 2014ರಿಂದಲೇ ಜೀವನ್ ಪ್ರಮಾಣ್ ಅನ್ನುವ ಡಿಜಿಟಲ್ ಹಯಾತಿ ದಾಖಲೆ ಇದೆ, 2021ರಿಂದ ಫೋನಿನ ಮುಂದೆ ಮುಖ ತೋರಿಸಿದರೂ ಆಗುತ್ತದೆ. ಜೀವನವಿಡೀ ಸಂಬಳ ಎಣಿಸಿದವರಿಗೆ ಕೂತಲ್ಲೇ ಸೌಲಭ್ಯ, ಎದ್ದು ನಡೆಯಲು ಆಗದವರು ಮಾತ್ರ ರಿಕ್ಷಾ ಹತ್ತಿ ಕಚೇರಿಗೆ. ಕೆಳಗಿನ ಮನೆಯ ಅಜ್ಜಿ ಮಲಗಿದಲ್ಲೇ ಇರುವ ಮೊಮ್ಮಗಳನ್ನು ಬೆಡ್‌ಶೀಟಿನಲ್ಲಿ ಹೊತ್ತು ಇಳಿಸಿದ್ದನ್ನು ನಾನೇ ಕಂಡಿದ್ದೇನೆ. ಇಬ್ಬರು ಹುಡುಗರು ಕೈಕೊಟ್ಟರು ಅಂತ ಆಯಿತು.

ಬ್ಯಾಂಕಿನ ವಿಷಯ ಬೇರೆಯೇ ಪತ್ರ ಆಗುವಷ್ಟಿದೆ, ಇಲ್ಲಿ ಒಂದೆರಡು ಮಾತು ನಮ್ಮ ಜನರಿಗೆ. ಹದಿನೆಂಟು ದಾಟಿದ ಮೇಲೆ ತಾಯಿಯಾದರೂ ಅಕ್ಕನಾದರೂ ತನ್ನಿಂತಾನೇ ಪೋಷಕರು ಆಗುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕೆಳಗೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವದ ಪ್ರಮಾಣಪತ್ರ ಪಡೆಯಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಈ ದಾರಿ. ಆ ಪ್ರಮಾಣಪತ್ರದ ಮೇಲೆ ಖಾತೆ ತೆಗೆಯಬಹುದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಶಾಖೆಯವರು ಗೊತ್ತಿಲ್ಲ ಅಂದರೆ ಸುಮ್ಮನೆ ವಾಪಸ್ ಬರಬೇಡಿ, ಬರೆದುಕೊಡಿ ಅಂತ ಕೇಳಿ. ಇದೇ ನಾಲ್ಕು ತರದವರಿಗೆ ನಿರಾಮಯ ಅಂತ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ. ಬಡತನ ರೇಖೆಯ ಮೇಲಿನವರಿಗೆ ಸೇರಲು 500 ರೂಪಾಯಿ, ಕೆಳಗಿನವರಿಗೆ 250. ಹೊರರೋಗಿ ವಿಭಾಗದ ಖರ್ಚು, ಥೆರಪಿ, ಔಷಧಿಗೂ ಒಂದು ಮಿತಿಯೊಳಗೆ ಸಿಗುತ್ತದೆ. ನಾನು ಕಂಡ ಯೋಜನೆಗಳಲ್ಲಿ ಮನಸ್ಸಿಟ್ಟು ಮಾಡಿದ್ದು ಅಂದರೆ ಇದೇ. ನಮ್ಮ ಆಫೀಸಿನ ವಿಮೆಯಲ್ಲಿ ಗಂಡ, ಮಕ್ಕಳು ಬರುತ್ತಾರೆ, ತಮ್ಮ ಬರುವುದಿಲ್ಲ. ಇಎಸ್‌ಐನಲ್ಲೂ ಅಂಗವಿಕಲ ಮಗನಿಗೆ ವಯಸ್ಸಿನ ಮಿತಿ ಇಲ್ಲ, ದೊಡ್ಡವನಾದ ತಮ್ಮನಿಗೆ ಜಾಗವೇ ಇಲ್ಲ. ಅಕ್ಕತಂಗಿ, ಅಣ್ಣತಮ್ಮ ಸಾಕುತ್ತಾರೆ ಅನ್ನುವುದೇ ಕಾನೂನು ಬರೆದವರ ತಲೆಗೆ ಹೊಳೆದಿಲ್ಲ. ತಾಯಿತಂದೆ ಹೋದ ಮೇಲೆ ಮತ್ತೆ ಯಾರು ಸಾಕುತ್ತಾರೆ ಅಂದುಕೊಂಡಿದ್ದರೋ ಏನೋ.

ರೈಲಿನದ್ದೂ ಒಂದು ಮಾತು. ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಜೊತೆಗಾರರ ಸಮೇತ ಸ್ಲೀಪರ್‌ನಲ್ಲಿ ಶೇ. 75 ರಿಯಾಯಿತಿ ಇದೆ, ಊರಿಗೆ ಹೋಗುವವರು ಬಿಡಬೇಡಿ. ಲೋಕಲ್‌ನ ಅಂಗವಿಕಲರ ಡಬ್ಬಿಯಲ್ಲಿ ಮಾತ್ರ ನನ್ನ ತಮ್ಮನನ್ನು ನೋಡಿ "ಕೈಕಾಲು ಗಟ್ಟಿ ಇದೆಯಲ್ಲ, ಇಳಿ" ಅನ್ನುವವರು ಇದ್ದೇ ಇರುತ್ತಾರೆ. ಹಾಗನ್ನುವವರಲ್ಲಿ ಅರ್ಧಕ್ಕರ್ಧ ಜನ ತಾವೇ ಗಟ್ಟಿಮುಟ್ಟಾಗಿ ಸೀಟು ಹಿಡಿದು ಕೂತವರು.

ಕೊನೆಯದಾಗಿ ನೋಡಿಕೊಳ್ಳುವವರ ಬಗ್ಗೆ. ಅಂಗವಿಕಲ ಮಕ್ಕಳ ತಾಯಂದಿರಿಗೆ ಶಿಶುಪಾಲನಾ ರಜೆ ನಿರಾಕರಿಸಬಾರದು ಅಂತ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹಿಮಾಚಲ ಪ್ರದೇಶದ ಒಂದು ಪ್ರಕರಣದಲ್ಲಿ ಹೇಳಿತು. ಓದಿ ಖುಷಿಯಾಯಿತು. ಆದರೆ ಆ ರಜೆ ಸರ್ಕಾರಿ ನೌಕರಿಯವರಿಗೆ. ಕೇಂದ್ರ ಸರ್ಕಾರದ ನೌಕರರಾದರೆ ಅಂಗವಿಕಲ ತಮ್ಮನನ್ನು ನೋಡಿಕೊಳ್ಳುವ ಅಕ್ಕನಿಗೂ ವರ್ಗಾವಣೆಯಲ್ಲಿ ರಿಯಾಯಿತಿ ಇದೆ. ಅಂದರೆ ಸರ್ಕಾರಕ್ಕೆ ವಿಷಯ ಗೊತ್ತಿಲ್ಲ ಅಂತಲ್ಲ. ತನ್ನ ನೌಕರರ ಮಟ್ಟಿಗೆ ಚೆನ್ನಾಗಿಯೇ ಗೊತ್ತಿದೆ. ಮರೋಳದ ಕೊರಿಯರ್ ಆಫೀಸಿನಲ್ಲಿ ಕೂತವರ ತಮ್ಮಂದಿರು ಬೇರೆ ಜಾತಿಯವರಾ? ಖಾಸಗಿಯವರಿಗೂ ವರ್ಷಕ್ಕೆ ಕೆಲವು ದಿನವಾದರೂ ಸಂಬಳದ ಆರೈಕೆ ರಜೆ ಕಡ್ಡಾಯ ಮಾಡಿ. ಸರ್ಟಿಫಿಕೇಟ್ ಕೆಲಸಕ್ಕೆ ಕಚೇರಿಗೆ ಬಂದ ದಿನ "ಇವರು ಇಲ್ಲಿ ಇದ್ದರು" ಅಂತ ಒಂದು ಚೀಟಿ ಕೊಡಿ, ಅದನ್ನು ಆಫೀಸಿನವರು ಒಪ್ಪುವಂತೆ ಆದೇಶ ಹೊರಡಿಸಿ.

2016ರ ಕಾಯ್ದೆಯಲ್ಲೇ, ಹೆಚ್ಚು ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತು ಇದೆ. ಕೇರಳದಲ್ಲಿ ಆಶ್ವಾಸಕಿರಣಂ ಅಂತ ತಿಂಗಳಿಗೆ 600 ರೂಪಾಯಿಯ ಯೋಜನೆ ಮಾಡಿದರು. ನಮ್ಮ ಕರ್ನಾಟಕದ 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ಅಂತ ಘೋಷಿಸಿದರು. ಅದರಲ್ಲಿ ನನ್ನ ತಮ್ಮನಂಥವರು ಬರುವುದಿಲ್ಲ, ಮೊತ್ತವೂ ಸಣ್ಣದು. ಆದರೂ ನೋಡಿಕೊಳ್ಳುವುದೂ ಕೆಲಸವೇ ಅಂತ ಬಜೆಟ್ಟಿನಲ್ಲಿ ಒಂದು ಸಾಲು ಬರೆದರು. ಮಹಾರಾಷ್ಟ್ರದ ಬಜೆಟ್ಟು ಅದಕ್ಕಿಂತ ದೊಡ್ಡದು. ಇಡೀ ರಾಜ್ಯಕ್ಕೆ, ಆದಾಯದ ಸರ್ಟಿಫಿಕೇಟ್ ಕೇಳದೆ, ಯುಡಿಐಡಿ ಕಾರ್ಡೊಂದನ್ನೇ ನೋಡಿ ಅಂಥದ್ದು ಕೊಡಬಹುದು.

ಓದುವ ಕನ್ನಡದವರು ನಿಮ್ಮ ಮನೆಯ ವಿಷಯ ಸೇರಿಸಿ, ನಿಮ್ಮದೇ ಮಾತಿನಲ್ಲಿ ಇದೇ ತರ ಒಂದು ಅರ್ಜಿ ಕಳಿಸಿ. ಪುಣೆಯಲ್ಲಿ ದಿವ್ಯಾಂಗ ಕಲ್ಯಾಣ ಆಯುಕ್ತರ ಕಚೇರಿ ಇದೆ, ಅಲ್ಲಿಗೂ ಒಂದು ಪ್ರತಿ ಹಾಕಿ. ಮರಾಠಿ ಬರೆಯಲು ಬಾರದಿದ್ದರೆ ಭಾನುವಾರ ನನ್ನ ಹತ್ತಿರ ಬನ್ನಿ, ಬರೆದುಕೊಡುತ್ತೇನೆ.

ಅಧಿಕಾರಿಗಳಲ್ಲಿ ಒಂದು ವಿನಂತಿ. ಮರಾಠಿ ಪ್ರತಿಯಲ್ಲಿ ನನ್ನ ಫೋನ್ ನಂಬರ್ ಇದೆ. ಇದರ ಬಗ್ಗೆ ಮಾತಾಡುವುದಿದ್ದರೆ ದಯವಿಟ್ಟು ಸಂಜೆ ಏಳರ ಮೇಲೆ ಫೋನ್ ಮಾಡಿ. ಹಗಲು ಹೊತ್ತಿನಲ್ಲಿ ನಮ್ಮ ಆಫೀಸಿನಲ್ಲಿ ಫೋನ್ ಎತ್ತಲು ಬಿಡುವುದಿಲ್ಲ.

ಇಂತಿ,
ಅಸಲ್ಫಾದಿಂದ, ಒಬ್ಬ ಅಕ್ಕ